ರಾಶಿ ಬಿಚ್ಚಿ ತೋರಿಸಿ

ಹೋದ ಮಳೆಗಾಲದ ಒಂದು ಭಾನುವಾರ ಶಿರಸಿಯ ನಮ್ಮ ಮನೆಯ ಮಹಡಿಯಲ್ಲಿ ಎಂಟು ಜನ ಸುತ್ತ ಕೂತು ಇಪ್ಪತ್ನಾಲ್ಕು ಪೊಟ್ಟಣ ಒಡೆದೆವು. ಸಿದ್ದಾಪುರದಿಂದ ಇಬ್ಬರು, ಯಲ್ಲಾಪುರದಿಂದ ಮೂವರು, ಉಳಿದವರು ಊರವರೇ. ಬೆಳಿಗ್ಗೆ ಹತ್ತಕ್ಕೆ ಹೋದ ಕರೆಂಟು ಸಂಜೆವರೆಗೂ ಬರಲಿಲ್ಲ. ಕಿಟಕಿಯ ಪಕ್ಕ ಮಂದಲಿಗೆ ಎಳೆದುಕೊಂಡು, ಅಪ್ಪೆಹುಳಿ ಕುಡಿಯುತ್ತ, ಮ್ಯಾಜಿಕ್ ದ ಗ್ಯಾದರಿಂಗ್ ಎಂಬ ಆಟದ ಬೂಸ್ಟರ್ ಡ್ರಾಫ್ಟ್ ಪಂದ್ಯವನ್ನು ಆಡಿದೆವು. ಈ ಮೂರು ತಾಲೂಕಿನಲ್ಲಿ ಅದು ಎಷ್ಟನೆಯದೋ ಗೊತ್ತಿಲ್ಲ. ನಮ್ಮ ಮಟ್ಟಿಗೆ ಮೊದಲನೆಯದು.

ಮಧ್ಯಾಹ್ನ ಕವಳದ ತಟ್ಟೆ ಹಿಡಿದು ದೊಡ್ಡಪ್ಪ ಮೇಲೆ ಬಂದರು. ಹರಿದ ಪೊಟ್ಟಣಗಳ ರಾಶಿ ನೋಡಿದರು, ಎಲೆಗಳನ್ನು ನೋಡಿದರು, ನನ್ನನ್ನು ನೋಡಿದರು.

"ತಮಾ, ಇದು ಜುಗಾರಿ ಅಲ್ದನಾ?"

ನನಗೆ ಸಿಟ್ಟು ಬಂತು. ಎಂಬತ್ತು ದಾಟಿದ ಈ ಮನುಷ್ಯ ಮದುವೆ, ಮುಂಜಿ, ಶ್ರಾದ್ಧ ಒಂದನ್ನೂ ಬಿಡದೆ ಇಸ್ಪೀಟು ಮಂಡಲಕ್ಕೆ ಕೂತವರು. ಇಪ್ಪತ್ತೆಂಟರ ಆಟದಲ್ಲಿ ಅವರ ಜೊತೆಗಾರನಾಗಲು ಜನ ಜಗಳಾಡುತ್ತಿದ್ದರು. ಅಂಥವರು ನಮಗೆ ಜುಗಾರಿ ಎನ್ನುವುದೇ? ನಾನು ಹತ್ತು ನಿಮಿಷ ಭಾಷಣ ಮಾಡಿದೆ. ಇದು ಬುದ್ಧಿಯ ಆಟ, ನೆನಪಿನ ಆಟ, ಎದುರಿನವರ ಮನಸ್ಸು ಓದುವ ಆಟ ಎಂದೆಲ್ಲ. ಅವರು ಕೇಳಿಸಿಕೊಂಡು, ಅಡಕೆ ಹೋಳು ಬಾಯಿಗೆ ಹಾಕಿಕೊಂಡು ಹೇಳಿದರು:

"ಆನು ಆಟದ ಸುದ್ದಿ ಹೇಳಿದ್ದಲ್ಲ. ಪೊಟ್ಣದೊಳಗೆ ಎಂತ ಇದ್ದು ಹೇಳಿ ಗೊತ್ತಿಲ್ದೇ ದುಡ್ಡು ಕೊಟ್ಟೆ ಅಲ್ದಾ, ಅದು."

ಆ ಭಾನುವಾರ ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹೊಳೆದ ಉತ್ತರ ನಾನಿರುವ ಪಕ್ಷಕ್ಕೇ ವಿರುದ್ಧವಾಗಿತ್ತು. ಈ ಆಟವನ್ನು ಜುಗಾರಿ ಎಂದು ಬಾಗಿಲು ಹಾಕುವ ಹಿರಿಯರ ಜೊತೆಗೂ ನನಗೆ ಜಗಳವಿದೆ, ಪೊಟ್ಟಣ ಒಡೆಯುವುದನ್ನೇ ಆಟ ಎಂದುಕೊಂಡಿರುವ ನನ್ನ ಗೆಳೆಯರ ಜೊತೆಗೂ ಜಗಳವಿದೆ. ಎರಡನೆಯದು ಹೆಚ್ಚು ತುರ್ತಿನದು. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಡ್ರಾಫ್ಟ್ ಎಂದರೇನು ಎಂದು ಹೇಳಬೇಕು. ಪ್ರತಿಯೊಬ್ಬರ ಮುಂದೆ ಮೂರು ಮುಚ್ಚಿದ ಪೊಟ್ಟಣ. ಬಹಳ ಕಾಲ ಒಂದೊಂದರಲ್ಲಿ 15 ಎಲೆ ಇರುತ್ತಿದ್ದವು, 2024ರಿಂದ 14. ಎಲ್ಲರೂ ಒಟ್ಟಿಗೆ ಮೊದಲ ಪೊಟ್ಟಣ ಒಡೆಯುತ್ತಾರೆ. ಒಂದು ಎಲೆ ತನಗೆ ಇಟ್ಟುಕೊಂಡು ಉಳಿದದ್ದನ್ನು ಮಗುಚಿ ಎಡಗಡೆಯವರಿಗೆ ಕೊಡುತ್ತಾರೆ. ಬಲಗಡೆಯಿಂದ ಬಂದದ್ದರಲ್ಲಿ ಮತ್ತೊಂದು ತೆಗೆದು ಮತ್ತೆ ಎಡಕ್ಕೆ. ಹೀಗೆ ಪೊಟ್ಟಣ ಖಾಲಿಯಾಗುವ ತನಕ. ಎರಡನೇ ಪೊಟ್ಟಣ ಬಲಕ್ಕೆ ತಿರುಗುತ್ತದೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಕೈಯಲ್ಲಿರುವ ನಲವತ್ತು ಚಿಲ್ಲರೆ ಎಲೆಗಳಲ್ಲಿ ಇಪ್ಪತ್ತಮೂರರಷ್ಟು ಆರಿಸಿ, ಹದಿನೇಳರಷ್ಟು ಭೂಮಿಯ ಎಲೆ ಸೇರಿಸಿ, ನಲವತ್ತರ ಒಂದು ಕಟ್ಟು ಮಾಡಿ ಆಡಬೇಕು. ಭೂಮಿಯ ಎಲೆ ಮಾತ್ರ ಬೇಕಾದಷ್ಟು ಸಿಗುತ್ತದೆ, ಡಬ್ಬಿಯಲ್ಲಿ ಇಟ್ಟಿರುತ್ತಾರೆ. ಎಂಟು ಜನಕ್ಕೆ ಮೂರು ಸುತ್ತು.

ಇದರಲ್ಲಿ ಮಾತಾಡುವಂತಿಲ್ಲ. ನಾನು ಕೆಂಪು ಬಣ್ಣ ಹಿಡಿದಿದ್ದೇನೆ ಎಂದು ಯಾರಿಗೂ ಹೇಳುವಂತಿಲ್ಲ. ಆದರೂ ಪೊಟ್ಟಣ ಮಾತಾಡುತ್ತದೆ. ಬಲಗಡೆಯಿಂದ ಬಂದ ಹತ್ತು ಎಲೆಗಳಲ್ಲಿ ಒಳ್ಳೆಯ ಕೆಂಪು ಎಲೆ ಇನ್ನೂ ಉಳಿದಿದ್ದರೆ, ಆ ಕಡೆ ಕೂತ ನಾಲ್ವರಿಗೆ ಕೆಂಪು ಬೇಡವಾಗಿದೆ ಎಂದು ಅರ್ಥ. ಬಂದದ್ದಕ್ಕಿಂತ ಬಾರದೇ ಇದ್ದದ್ದನ್ನು ಓದಬೇಕು. ಅದೇ ಹೊತ್ತಿಗೆ ನಾನು ಎಡಕ್ಕೆ ಏನು ಕಳಿಸುತ್ತೇನೋ ಅದರಿಂದ ಎಡಗಡೆಯವರ ಬಣ್ಣ ತಯಾರಾಗುತ್ತಿರುತ್ತದೆ. ಎರಡನೇ ಪೊಟ್ಟಣದಲ್ಲಿ ದಿಕ್ಕು ತಿರುಗಿದಾಗ ಅವರು ನನಗೆ ಕೊಡುವವರಾಗುತ್ತಾರೆ. ಒಳ್ಳೆಯ ಹಸಿರನ್ನೆಲ್ಲ ಅವರಿಗೆ ದಾಟಿಸಿ, ಈಗ ನಾನೂ ಹಸಿರೇ ಹಿಡಿದರೆ ನನಗೆ ಸಿಗುವುದು ಸಿಪ್ಪೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಂಥ ಓದು ಹೊಸದಲ್ಲ. ಪಠ್ಯ ಏನು ಹೇಳಲಿಲ್ಲ ಎಂದು ಹುಡುಕುವುದನ್ನು ತರಗತಿಯಲ್ಲಿ ಕಲಿಸುತ್ತಾರಲ್ಲ, ಅದನ್ನು ಇಲ್ಲಿ ನಲವತ್ತು ಸೆಕೆಂಡಿನಲ್ಲಿ ಮಾಡಬೇಕು.

ಹಿರಿಯರಿಗೆ ನನ್ನ ಮೊದಲ ಮಾತು ಇದು: ನಿಮ್ಮ ಅಳತೆಗೋಲಿನಲ್ಲೇ ಅಳೆದರೂ ಇದು ಜುಗಾರಿಯಲ್ಲ. 1967ರಲ್ಲಿ ಸುಪ್ರೀಂ ಕೋರ್ಟು ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು. ಬಿದ್ದ ಎಲೆ ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು ಎಂಬುದು ಅದು ಕೊಟ್ಟ ಕಾರಣದ ಸಾರ. ಡ್ರಾಫ್ಟ್ ಎಂದರೆ ಇಟ್ಟುಕೊಳ್ಳುವುದು, ಬಿಡುವುದು, ಇಷ್ಟೇ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಹೂಡುವ ಆನ್‌ಲೈನ್ ಆಟಗಳನ್ನೆಲ್ಲ ಒಂದೇ ಚೀಲಕ್ಕೆ ತುಂಬಿದಾಗ, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಭಾಗವನ್ನು ಹೊಡೆದುಹಾಕಿತು. 2025ರಲ್ಲಿ ಕೇಂದ್ರದ ಕಾಯ್ದೆ ಬಂದು ಆನ್‌ಲೈನಿನಲ್ಲಿ ದುಡ್ಡಿಟ್ಟು ಆಡುವುದಾದರೆ ಕೌಶಲವೋ ಅದೃಷ್ಟವೋ ಎಂಬ ಭೇದವೇ ಬೇಡ ಎಂದಿತು. ನಮ್ಮದು ಮಂದಲಿಗೆಯ ಮೇಲಿನ ಆಟ, ಅದರ ವ್ಯಾಪ್ತಿಗೆ ಬರುವುದಿಲ್ಲ.

ಇಷ್ಟು ಹೇಳಿ ಗೆದ್ದೆ ಎಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ದೊಡ್ಡಪ್ಪ ಕೇಳಿದ್ದು ಮಂದಲಿಗೆಯ ಸುದ್ದಿಯನ್ನಲ್ಲ, ಪೊಟ್ಟಣದ ಸುದ್ದಿಯನ್ನು. ಅದಕ್ಕೆ ಕೋರ್ಟಿನ ತೀರ್ಪಿನಲ್ಲಿ ನನಗೆ ಆಸರೆ ಇಲ್ಲ. ಪೊಟ್ಟಣ ಕೊಳ್ಳುವುದಕ್ಕೆ ಯಾವ ಕೌಶಲವೂ ಬೇಡ.

ಅಕ್ಕನ ಮಗ ನಮ್ಮಲ್ಲೇ ಇದ್ದು ಶಾಲೆಗೆ ಹೋಗುತ್ತಾನೆ. ಹನ್ನೊಂದು ವರ್ಷ. ಆ ಭಾನುವಾರ ಅವನು ನಮ್ಮ ಹಿಂದೆ ನಿಂತು ಇಡೀ ಪಂದ್ಯ ನೋಡಿದ್ದ. ಪೊಟ್ಟಣದ ತುದಿ ಹರಿದಾಗ ಎಂಟು ಜನ ದೊಡ್ಡವರ ಮುಖ ಏನಾಗುತ್ತದೆ ಎಂದೂ ನೋಡಿದ್ದ. ಆಟದ ನಿಯಮ ಅವನಿಗೆ ಪೂರ್ತಿ ತಿಳಿಯಲಿಲ್ಲ, ಮುಖ ತಿಳಿಯಿತು. ದೀಪಾವಳಿಯ ಹೊತ್ತಿಗೆ ಆಯಿಯ ಡಬ್ಬಿಯಲ್ಲಿದ್ದ ಹಾಲಿನ ಡೈರಿಯ ದುಡ್ಡು ಲೆಕ್ಕಕ್ಕೆ ಕಮ್ಮಿ ಬಂತು. ಎರಡು ತಿಂಗಳಲ್ಲಿ 640 ರೂಪಾಯಿ. ಅವನ ಶಾಲೆಯ ಚೀಲದ ಕೆಳಗಿನ ಖಾನೆಯಲ್ಲಿ ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು ಸಿಕ್ಕವು. ಹತ್ತು ರೂಪಾಯಿಗೊಂದರಂತೆ ಸಿಗುವ ಪೋಕೆಮಾನ್ ಪೊಟ್ಟಣಗಳ ಎಲೆಗಳು, ಅರವತ್ನಾಲ್ಕು ಪೊಟ್ಟಣದ್ದು.

ಅವು ಅಸಲಿ ಪೋಕೆಮಾನ್ ಎಲೆಗಳಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಅಕ್ಷರ ಮಸುಕು, ಬಣ್ಣ ಕೈಗೆ ಹತ್ತುತ್ತದೆ, ಒಂದೇ ಪ್ರಾಣಿ ಮೂರು ಹೆಸರಲ್ಲಿ ಬರುತ್ತದೆ. ರಾಜ್ಯದ ಯಾವ ಊರಿನ ಸ್ಟೇಷನರಿ ಅಂಗಡಿಗೆ ಹೋದರೂ ಇಂಥವು ಸರದಂತೆ ನೇತಾಡುತ್ತಿರುತ್ತವೆ. ಅವುಗಳಲ್ಲಿ ಆಡಲು ಬರುವುದಿಲ್ಲ. ಆಡಲಿಕ್ಕೆ ಇರುವಂಥವೂ ಅಲ್ಲ. ಹೊಳೆಯುವ ಚಿನ್ನದ ಬಣ್ಣದ ಎಲೆ ಬಂತೋ ಇಲ್ಲವೋ, ಅದೊಂದೇ. ಬಂದರೆ ಮರುದಿನ ಶಾಲೆಯಲ್ಲಿ ರಾಜ, ಬಾರದಿದ್ದರೆ ಇನ್ನೊಂದು ಹತ್ತು ರೂಪಾಯಿ.

ನಾನು ಮಾವನ ಗತ್ತಿನಲ್ಲಿ ಬೈದೆ. ಕದ್ದದ್ದು ತಪ್ಪು, ಇಂಥ ಕಸಕ್ಕೆ ಕದ್ದದ್ದು ಇನ್ನೂ ತಪ್ಪು ಎಂದೆ. ಅವನು ಅಳುತ್ತಲೇ ಕೇಳಿದ: "ಮಾವಾ, ಆ ಭಾನುವಾರ ನೀನು ಎಷ್ಟು ಕೊಟ್ಟಿದ್ದೆ?"

ಪೊಟ್ಟಣಕ್ಕೆ 400 ರೂಪಾಯಿ. ಆಟಕ್ಕೆ ಇಪ್ಪತ್ನಾಲ್ಕು, ಗೆದ್ದವರಿಗೆ ಬಹುಮಾನಕ್ಕೆಂದು ಇನ್ನೂ ನಾಲ್ಕು. ಒಟ್ಟು 11,200 ರೂಪಾಯಿ, ತಲೆಗೆ 1,400. ಅವನ ಎರಡು ತಿಂಗಳ ಕಳ್ಳತನದ ಎರಡರಷ್ಟಕ್ಕಿಂತಲೂ ಹೆಚ್ಚು, ಒಂದೇ ಮಧ್ಯಾಹ್ನಕ್ಕೆ. ನನ್ನದು ಕದ್ದ ದುಡ್ಡಲ್ಲ, ಎಲೆಗಳು ಅಸಲಿ, ಆಟ ಬುದ್ಧಿಯದ್ದು. ಎಲ್ಲ ಸರಿ. ಆದರೆ ಪೊಟ್ಟಣದ ತುದಿ ಹರಿಯುವಾಗಿನ ಆ ಕ್ಷಣದಲ್ಲಿ ನನಗೂ ಅವನಿಗೂ ಏನು ವ್ಯತ್ಯಾಸ ಇತ್ತು ಎಂದು ನನ್ನನ್ನೇ ಕೇಳಿಕೊಂಡರೆ, ಇರಲಿಲ್ಲ.

ಇನ್ನೂ ಒಂದನ್ನು ಒಪ್ಪಿಕೊಳ್ಳಬೇಕು. ಆ ದಿನ ಎರಡನೇ ಪೊಟ್ಟಣ ಒಡೆಯುವ ಹೊತ್ತಿಗೆ ನನ್ನ ಕಟ್ಟು ಕೆಂಪು ಮತ್ತು ಹಸಿರಿಗೆ ಕೂತಿತ್ತು. ಒಡೆದರೆ ಒಳಗೆ ಒಂದು ನೀಲಿ ಎಲೆ. ನನಗೆ ಅದರಿಂದ ಕಿಂಚಿತ್ತೂ ಉಪಯೋಗವಿಲ್ಲ, ಆದರೆ ಮಾರಿದರೆ ಎರಡೂವರೆ ಸಾವಿರ ಬರುವಂಥದು. ಪಕ್ಕದಲ್ಲೇ ನನಗೆ ಬೇಕಾದ ಸಾದಾ ಕೆಂಪು ಎಲೆ, ಎದುರಿನವರ ಒಂದು ಪ್ರಾಣಿಯನ್ನು ಹೊಡೆದುಹಾಕುವಂಥದು. ಹತ್ತು ರೂಪಾಯಿಗೂ ಯಾರೂ ಕೊಳ್ಳುವುದಿಲ್ಲ. ನಾನು ನೀಲಿ ತೆಗೆದುಕೊಂಡೆ. ಕೆಂಪು ಎಲೆ ಮೂರು ಕೈ ದಾಟಿ ಯಲ್ಲಾಪುರದ ಒಬ್ಬ ಪದವಿ ವಿದ್ಯಾರ್ಥಿನಿಗೆ ಸೇರಿತು. ಮೂರನೇ ಸುತ್ತಿನಲ್ಲಿ ಅವಳು ನನ್ನ ಎದುರು ಕೂತು ಅದೇ ಎಲೆಯಿಂದ ನನ್ನ ದೊಡ್ಡ ಪ್ರಾಣಿಯನ್ನು ಹೊಡೆದಳು, ಆಟ ಗೆದ್ದಳು. ಅವಳ ಕಟ್ಟಿನಲ್ಲಿ ಮಾರಿದರೆ ನೂರು ರೂಪಾಯಿ ಬರುವ ಎಲೆ ಒಂದೂ ಇರಲಿಲ್ಲ. ಆಟ ಮುಗಿದ ಮೇಲೆ ನಾನು ಯಾವ ಬಣ್ಣದವನು ಎಂದು ಕೇಳಿದವಳು, ನನ್ನ ಬದಿಗಿಟ್ಟ ಎಲೆಗಳಲ್ಲಿ ನೀಲಿಯನ್ನು ಕಂಡು ಏನೂ ಹೇಳಲಿಲ್ಲ.

ಇದಕ್ಕೆ ನಮ್ಮವರಲ್ಲಿ ಹೆಸರೇ ಇದೆ, ರೇರ್ ಡ್ರಾಫ್ಟ್. ನಗುತ್ತ ಹೇಳುತ್ತಾರೆ, ಸಣ್ಣ ಚಟ ಎಂಬಂತೆ. ನಾನು ಮಾತ್ರ ಇದನ್ನು ದ್ರೋಹ ಎನ್ನುತ್ತೇನೆ, ಮಾಡಿದವನಾಗಿಯೇ. ಸುತ್ತ ಕೂತವರೆಲ್ಲ ಎಲೆಯನ್ನು ಆಟದ ಬೆಲೆಯಲ್ಲಿ ಅಳೆಯುತ್ತಿದ್ದಾರೆ ಎಂಬ ನಂಬಿಕೆಯ ಮೇಲೇ ಆ ಮೌನದ ಓದು ನಿಂತಿದೆ. ಒಬ್ಬ ಸಂತೆಯ ಬೆಲೆಯಲ್ಲಿ ಅಳೆಯತೊಡಗಿದರೆ ಪೊಟ್ಟಣ ಸುಳ್ಳು ಹೇಳುತ್ತದೆ. ಪಕ್ಕದವರು ಓದಿದ್ದೆಲ್ಲ ತಪ್ಪಾಗುತ್ತದೆ.

ಇಪ್ಪತ್ತೆಂಟು ಯಾಕೆ ಚೊಕ್ಕ ಆಟ ಎಂದು ನನಗೆ ಆಮೇಲೆ ಅರ್ಥವಾಯಿತು. ಅದರಲ್ಲಿ ಇರುವುದು 32 ಎಲೆ. ಜಾಕಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ನಾಲ್ಕು ಜಾತಿಗೂ ಅಷ್ಟೇ, ಒಟ್ಟು 28. ಯಾರ ಕೈಗೆ ಯಾವುದು ಬರುತ್ತದೆ ಎಂಬುದು ಅದೃಷ್ಟ, ನಿಜ. ಆದರೆ ಬೆಂಗಳೂರಿನಿಂದ ಬಂದ ಅಳಿಯ ತನ್ನ ಕಿಸೆಯಿಂದ ಐದು ಪಾಯಿಂಟಿನ ಜಾಕಿ ತೆಗೆದು ಮಂಡಲಕ್ಕೆ ಒಗೆಯಲು ಬರುವುದಿಲ್ಲ. ಸಾಹುಕಾರನ ಜಾಕಿಗೂ ಅವನ ತೋಟದ ಆಳಿನ ಜಾಕಿಗೂ ಮೂರೇ. ಕಟ್ಟು ಮಂಡಲದ್ದು, ಒಬ್ಬನದಲ್ಲ. ಆಟ ಮುಗಿದ ಮೇಲೆ ಪೆಟ್ಟಿಗೆಗೆ ಹೋಗುತ್ತದೆ. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಬಗೆಬಗೆಯ ಗಂಜೀಫಾ ಆಟಗಳನ್ನು ರೂಪಿಸಿ, ಅವುಗಳ ವಿವರವನ್ನು ಶ್ರೀತತ್ತ್ವನಿಧಿಯಲ್ಲಿ ಸೇರಿಸಿದರಲ್ಲ, ಕೆಲವದರಲ್ಲಿ ಎಲೆಗಳ ಸಂಖ್ಯೆ 300 ದಾಟುತ್ತದೆ. ಕೈಯಲ್ಲಿ ಬರೆದ, ರಾಜರ ಮನೆಯ ದುಬಾರಿ ಎಲೆಗಳು. ಅಲ್ಲಿ ಕೂಡ ಕಟ್ಟು ಇಡಿಯದು. ಹದಿನೈದು ಎಲೆ ಮುಚ್ಚಿಟ್ಟು ಮಾರುವ ಯೋಚನೆ ಅರಮನೆಗೂ ಹೊಳೆದಿರಲಿಲ್ಲ.

ಅದು ಹೊಳೆದದ್ದು ಬೇರೆ ಕಡೆ. ಮ್ಯಾಜಿಕ್ ಆಟವನ್ನು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ ರೂಪಿಸಿದ, 1993ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಒಬ್ಬೊಬ್ಬರು ಸ್ವಲ್ಪ ಸ್ವಲ್ಪ ಕೊಳ್ಳುತ್ತಾರೆ, ಪ್ರತಿ ಗೆಳೆಯರ ಬಳಗದಲ್ಲೂ ಬೇರೆಬೇರೆ ಎಲೆಗಳಿರುತ್ತವೆ, ಯಾರ ಬಳಿ ಏನಿದೆಯೋ ಎಂಬ ಕುತೂಹಲ ಉಳಿಯುತ್ತದೆ ಎಂಬುದು ಮೂಲ ಅಂದಾಜು. ಚಂದದ ಅಂದಾಜೇ. ಜನ ಡಬ್ಬಿಗಟ್ಟಲೆ ಕೊಂಡರು, ಅಂದಾಜು ಮಗುಚಿತು. ಮೊದಲ ನಿಯಮಗಳಲ್ಲಿ ಆಂಟೆ ಎಂಬುದೊಂದಿತ್ತು: ಆಟಕ್ಕೆ ಮುಂಚೆ ಇಬ್ಬರೂ ತಮ್ಮ ಕಟ್ಟಿನಿಂದ ಒಂದೊಂದು ಎಲೆ ಪಣಕ್ಕಿಡಬೇಕು, ಗೆದ್ದವರಿಗೆ ಎರಡೂ. ಇದು ನೇರ ಜುಗಾರಿ. ಆಮೇಲೆ ಅದನ್ನು ಕೈಬಿಟ್ಟರು. ಪಣ ಆಟದಿಂದ ಹೊರಗೆ ಹೋಯಿತು, ಪೊಟ್ಟಣದೊಳಗೆ ಉಳಿಯಿತು. ಹತ್ತು ಸಾದಾ ಎಲೆ, ಮೂರು ಸ್ವಲ್ಪ ವಿಶೇಷ, ಒಂದು ಅಪರೂಪ, ಇದು ಬಹಳ ಕಾಲದ ಲೆಕ್ಕ. 2008ರಲ್ಲಿ ಅಪರೂಪಕ್ಕೂ ಮೇಲೆ ಮಿಥಿಕ್ ಎಂಬ ಇನ್ನೊಂದು ಮೆಟ್ಟಿಲು ಹಾಕಿದರು, ಸುಮಾರು ಎಂಟು ಪೊಟ್ಟಣಕ್ಕೊಂದು. ಡ್ರಾಫ್ಟ್ ಆಡುವವನಿಗೆ ಆ ಮೆಟ್ಟಿಲಿಂದ ಲಾಭ ಕಮ್ಮಿ. ಪೊಟ್ಟಣ ಒಡೆಯುವವನಿಗೆ ಅದೇ ಎಲ್ಲ.

ಮಾರುವವರ ಸಮರ್ಥನೆ ಯಾವಾಗಲೂ ಒಂದೇ: ಲಾಟರಿಯಲ್ಲಿ ಸೋತರೆ ಕೈಗೆ ಏನೂ ಬರುವುದಿಲ್ಲ, ಇಲ್ಲಿ ಪ್ರತಿ ಬಾರಿಯೂ ಎಲೆಗಳಾದರೂ ಸಿಗುತ್ತವೆ, ಹಾಗಾಗಿ ಇದು ಸಾಮಾನಿನ ವ್ಯಾಪಾರ. ಮಾರಿಕಾಂಬೆಯ ಜಾತ್ರೆಗೆ ಹೋದವರಿಗೆ ಈ ವಾದ ಗೊತ್ತಿದೆ. ಎರಡು ವರ್ಷಕ್ಕೊಮ್ಮೆ ಬರುವ ಆ ಗದ್ದಲದಲ್ಲಿ ಬಳೆ ಎಸೆಯುವ ಅಂಗಡಿಯವನು ಕೂಗುವುದೂ ಅದನ್ನೇ, ಬರಿಗೈಯಲ್ಲಿ ಯಾರನ್ನೂ ಕಳಿಸುವುದಿಲ್ಲ. ಸೋತವನ ಕೈಗೆ ಒಂದು ಬಾಚಣಿಗೆ. ನಮ್ಮ ಚಿಕ್ಕಂದಿನಲ್ಲಿ ಶಾಲೆ ಪಕ್ಕದ ಅಂಗಡಿಗಳಲ್ಲಿ ರಟ್ಟಿಗೆ ಅಂಟಿಸಿದ ಚೀಟಿಗಳಿರುತ್ತಿದ್ದವು, ನಾಲ್ಕಾಣೆಗೆ ಒಂದು ಹರಿದುಕೊಳ್ಳಬಹುದು. ರಟ್ಟಿನ ಮೇಲ್ತುದಿಯಲ್ಲಿ ಗಡಿಯಾರ, ಚೆಂಡು, ಹೊಳೆಯುವ ಕನ್ನಡಕ. ನಮಗೆ ಸಿಗುತ್ತಿದ್ದದ್ದು ಪೆಪ್ಪರಮಿಂಟು. ನಾಲ್ಕಾಣೆಗೆ ಪೆಪ್ಪರಮಿಂಟಾದರೂ ಸಿಕ್ಕಿತಲ್ಲ ಎಂದರೆ ನನ್ನ ಬಳಿ ಉತ್ತರವಿಲ್ಲ. ನಾವು ಹರಿದದ್ದು ಗಡಿಯಾರಕ್ಕೆ ಎಂದಷ್ಟೇ ಹೇಳಬಲ್ಲೆ. ಕರ್ನಾಟಕ 2007ರಲ್ಲಿ ಲಾಟರಿ ನಿಲ್ಲಿಸಿತು. 2018ರಲ್ಲಿ ಬೆಲ್ಜಿಯಂ ದೇಶ ಕಂಪ್ಯೂಟರ್ ಆಟಗಳೊಳಗಿನ ಇಂಥವೇ ಮುಚ್ಚಿದ ಪೆಟ್ಟಿಗೆಗಳನ್ನು ಜೂಜು ಎಂದು ಪರಿಗಣಿಸಿತು. ಕಾಗದದ ಪೊಟ್ಟಣಕ್ಕೆ ಮಾತ್ರ ಯಾರೂ ಕೈ ಹಾಕುವುದಿಲ್ಲ, ಅದು ಮಕ್ಕಳ ಆಟಿಕೆಯ ಕಪಾಟಿನಲ್ಲಿ ಕೂತಿದೆ.

ನಮ್ಮ ಊರಿನಲ್ಲಿ ಈ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಶಿರಸಿಯ ತೋಟಗಾರರ ಸಹಕಾರಿ ಮಾರಾಟ ಸಂಘ 1923ರಲ್ಲಿ ಶುರುವಾದದ್ದು, ನಾವು ಟಿಎಸ್ಎಸ್ ಎನ್ನುವುದು ಅದನ್ನೇ. ಅಡಕೆ ಟೆಂಡರಿನ ದಿನ ಪ್ರಾಂಗಣಕ್ಕೆ ಹೋಗಿ ನೋಡಿ. ಚಾಲಿ, ರಾಶಿ, ಬೆಟ್ಟೆ, ಬಿಳಿಗೋಟು, ಕೆಂಪುಗೋಟು, ಕೋಕಾ ಎಂದು ಬೇರೆಬೇರೆ ಹಾಕಿರುತ್ತಾರೆ. ವ್ಯಾಪಾರಿ ಬಂದು ಕೈ ತೂರಿಸುತ್ತಾನೆ. ಮೇಲಿನದ್ದಲ್ಲ, ಅಡಿಯದು ತೆಗೆಯುತ್ತಾನೆ. ಕತ್ತರಿಸಿ ಒಳಗೆ ನೋಡುತ್ತಾನೆ, ಮೂಸುತ್ತಾನೆ. ಆಮೇಲೆ ಬೆಲೆ ಬರೆದು ಮುಚ್ಚಿ ಕೊಡುತ್ತಾನೆ. ಮಾಲು ಬಯಲು, ಬೆಲೆ ಮುಚ್ಚಿದ್ದು. ಬೂಸ್ಟರಿನಲ್ಲಿ ಅದು ತಿರುಗಾಮುರುಗಾ: ಬೆಲೆ ಬಯಲು, ಮಾಲು ಮುಚ್ಚಿದ್ದು. ಮುಚ್ಚಿದ ಚೀಲದಲ್ಲಿ ರಾಶಿಯೋ ಕೋಕಾವೋ ಅದೃಷ್ಟವಿದ್ದಂತೆ, ದರ ಮಾತ್ರ ಒಂದೇ ಎಂದು ಒಬ್ಬ ವ್ಯಾಪಾರಿಗೆ ಹೇಳಿದರೆ ಅವನು ನಗುತ್ತ ಎದ್ದು ಹೋಗುತ್ತಾನೆ. ಅದನ್ನೇ ನಾವು ಹನ್ನೊಂದು ವರ್ಷದ ಹುಡುಗನಿಗೆ ಮಾರುತ್ತೇವೆ.

ಎಲೆ ಕೂಡಿಡುವುದು ಹೂಡಿಕೆ ಎನ್ನುವವರಿದ್ದಾರೆ. ನಮ್ಮ ಪಂದ್ಯಕ್ಕೆ ಬಂದವರಲ್ಲೇ ಇಬ್ಬರಿದ್ದರು. 2021ರಲ್ಲಿ ಬ್ಲ್ಯಾಕ್ ಲೋಟಸ್ ಎಂಬ ಒಂದು ಎಲೆ ಹರಾಜಿನಲ್ಲಿ 5 ಲಕ್ಷ ಡಾಲರ್ ದಾಟಿತು ಎಂದು ಪಾರಾಯಣ ಮಾಡುತ್ತಾರೆ. ದಾಟಿತು, ಸುಳ್ಳಲ್ಲ. ನಮ್ಮ ಕಡೆ ವೆನಿಲಾ ಕೂಡ ಹಾಗೇ ದಾಟಿತ್ತು. 2003ರ ಸುಮಾರಿಗೆ ಹಸಿ ಕೋಡು ಕಿಲೋಗೆ ಸಾವಿರಗಳಲ್ಲಿ ಹೋದಾಗ ಅಡಕೆ ಮರಕ್ಕೆಲ್ಲ ಬಳ್ಳಿ ಹಬ್ಬಿಸಿ ರಾತ್ರಿ ಟಾರ್ಚ್ ಹಿಡಿದು ಕಾವಲು ಕಾದರು. ಎರಡು ವರ್ಷದಲ್ಲಿ ಕೇಳುವವರಿಲ್ಲ. ವೆನಿಲಾಕ್ಕಾದರೂ ಹೂವಿಗೆ ಕೈಯಲ್ಲಿ ಪರಾಗ ಮುಟ್ಟಿಸಬೇಕಿತ್ತು, ಕೋಡು ಬಲಿಯಲು ಒಂಬತ್ತು ತಿಂಗಳು ಕಾಯಬೇಕಿತ್ತು. ಕೊರತೆಗೆ ಕಾರಣವಿತ್ತು. ತೋಟಕ್ಕೆ ಕೊಳೆ ಬಂದರೆ ಅಡಕೆಗೆ ಕೊರತೆ. ಇಲ್ಲಿ ಕೊರತೆಯನ್ನೇ ಅಚ್ಚು ಹಾಕುತ್ತಾರೆ. 1996ರಲ್ಲಿ ಕಂಪನಿ ಹಳೆಯ ಎಲೆಗಳ ಒಂದು ಪಟ್ಟಿ ಮಾಡಿ, ಇವನ್ನು ಇನ್ನು ಅಚ್ಚು ಹಾಕುವುದಿಲ್ಲ ಎಂದು ಕೂಡಿಡುವವರಿಗೆ ಮಾತು ಕೊಟ್ಟಿತು. ಆಡುವವರಿಗೆ ಅಂಥ ಮಾತು ಯಾರು ಕೊಟ್ಟರು?

ಮೊಬೈಲಿಗಿಂತ ಕಾರ್ಡು ವಾಸಿ ಎನ್ನುವ ಅಪ್ಪ ಅಮ್ಮಂದಿರಿಗೆ ಒಂದೇ ಮಾತು. ಮಕ್ಕಳು ಕಾರ್ಡಿನಲ್ಲಿ ಆಡುತ್ತಿದ್ದಾರೋ, ಕಾರ್ಡು ಒಡೆಯುತ್ತಿದ್ದಾರೋ ನೋಡಿ.

ಹಾಗಾದರೆ ಆಟ ಬಿಡಬೇಕೇ ಎಂದರೆ ಇಲ್ಲ, ಬಿಡುವುದಿಲ್ಲ. ನನ್ನ ಪ್ರಕಾರ ಡ್ರಾಫ್ಟ್ ಎಂಬುದು ಪೊಟ್ಟಣಕ್ಕೆ ಆಡುವವರು ಕೊಟ್ಟ ಉತ್ತರ. ಪೊಟ್ಟಣ ನಿನ್ನದು ಎಂದು ಕಂಪನಿ ಹೇಳುತ್ತದೆ. ಡ್ರಾಫ್ಟ್ ಹೇಳುತ್ತದೆ: ನಿನ್ನದು ಅದರಲ್ಲಿ ಒಂದು ಎಲೆ ಮಾತ್ರ, ಉಳಿದದ್ದು ಪಕ್ಕದವರಿಗೆ ದಾಟಿಸು. ಒಳ್ಳೆಯ ಪೊಟ್ಟಣ ಒಡೆದವನ ಅದೃಷ್ಟ ಎಂಟು ಕೈಗೆ ಹಂಚಿಹೋಗುತ್ತದೆ. ಒಬ್ಬನದಾಗಿದ್ದ ಎಲೆ ಮತ್ತೆ ಮಂಡಲದ್ದಾಗುತ್ತದೆ. ಯಲ್ಲಾಪುರದವಳು ಹತ್ತು ರೂಪಾಯಿಯ ಎಲೆಗಳಿಂದ ನನ್ನನ್ನು ಸೋಲಿಸಲು ಸಾಧ್ಯವಾದದ್ದು ಹಾಗೆ. ಅವರವರ ಮನೆಯಿಂದ ಕಟ್ಟು ತಂದು ಆಡುವ ಪಂದ್ಯವಾಗಿದ್ದರೆ, ಹಾಸ್ಟೆಲ್ ಊಟದ ದುಡ್ಡು ಉಳಿಸಿ ಬಂದವಳು ತಿಂಗಳ ಸಂಬಳದವರ ಎದುರು ನಿಲ್ಲುವುದು ಕಷ್ಟವಿತ್ತು.

ಆದರೆ ಈ ಉತ್ತರ ಅರ್ಧಕ್ಕೆ ನಿಂತಿದೆ. ಆಟ ಮುಗಿದ ಮೇಲೆ ಎಲೆಗಳು ಮತ್ತೆ ಅವರವರ ಕಿಸೆಗೆ ಹೋಗುತ್ತವೆ, ಅದಕ್ಕೇ ನಾನು ನೀಲಿ ಎಲೆ ತೆಗೆದುಕೊಂಡದ್ದು. ಗೆದ್ದವರಿಗೆ ಕೊಟ್ಟದ್ದು ಇನ್ನೂ ನಾಲ್ಕು ಮುಚ್ಚಿದ ಪೊಟ್ಟಣ, ಬುದ್ಧಿಯಿಂದ ಗೆದ್ದವಳಿಗೆ ಅದೃಷ್ಟದ ಚೀಟಿ. ಮುಂದಿನ ಪಂದ್ಯಕ್ಕೆ ಮತ್ತೆ 11,200 ರೂಪಾಯಿ.

ಕ್ಯೂಬ್ ಎಂಬ ಪದ್ಧತಿ ಈ ಆಟದವರಿಗೆ ಗೊತ್ತೇ ಇದೆ. ಎಂಟು ಜನಕ್ಕೆ ನಲವತ್ತೈದರಂತೆ 360 ಎಲೆಗಳನ್ನು ಮೊದಲೇ ಆರಿಸಿ ಇಡುವುದು. ಆಟದ ದಿನ ಕಲೆಸಿ, ಹದಿನೈದರಂತೆ ಇಪ್ಪತ್ನಾಲ್ಕು ಗುಂಪು ಮಾಡಿ, ಅವೇ ಪೊಟ್ಟಣ ಎಂದು ಡ್ರಾಫ್ಟ್ ಆಡುವುದು. ಮುಗಿದ ಮೇಲೆ ಎಲ್ಲ ವಾಪಸ್ ಡಬ್ಬಿಗೆ. ಯಾವ ಎಲೆ ಒಳಗಿದೆ ಎಂಬ ಪಟ್ಟಿ ಗೋಡೆಗೆ ಅಂಟಿಸಬಹುದು, ಯಾರ ಕೈಗೆ ಯಾವುದು ಬರುತ್ತದೆ ಎಂಬುದಷ್ಟೇ ಗೊತ್ತಿಲ್ಲ, ಇಪ್ಪತ್ತೆಂಟರ ಹಾಗೆಯೇ. ನಾವು ಇದನ್ನು ಮಾಡಿದ್ದೇವೆ. ಎಂಟೂ ಮನೆಗಳ ಅಟ್ಟದಲ್ಲಿದ್ದ ಬೇಡದ ಸಾದಾ ಎಲೆಗಳನ್ನು ಗೋಣಿಚೀಲದಲ್ಲಿ ತಂದು ಸುರಿದು ಎರಡು ಭಾನುವಾರ ಆರಿಸಿದೆವು. ಬಣ್ಣ ಬೇರೆ ಮಾಡಿದ್ದು ಅಕ್ಕನ ಮಗ. ಅಡಕೆ ಆರಿಸಿ ರೂಢಿಯಿದ್ದ ಆಯಿಯೂ ಸ್ವಲ್ಪ ಹೊತ್ತು ಕೂತಳು, ಯಾವುದು ಯಾವುದೆಂದು ತಿಳಿಯದೆ ಚಿತ್ರ ನೋಡಿ ಹಸಿರನ್ನು ಸರಿಯಾಗಿ ಬೇರೆ ಮಾಡಿದಳು. ನನ್ನ ನೀಲಿ ಎಲೆಯನ್ನೂ ಅದರಲ್ಲಿ ಹಾಕಿದ್ದೇನೆ. ಮಾರಿ ಆಯಿಯ ಡಬ್ಬಿಗೆ ದುಡ್ಡು ತುಂಬಬೇಕೆಂಬ ಯೋಚನೆ ಬಂದಿತ್ತು, ಅದನ್ನು ಸಂಬಳದಿಂದ ತುಂಬಿದೆ.

ಎಲ್ಲರೂ ಹೀಗೆ ಮಾಡಿದರೆ ಕಂಪನಿ ಮುಚ್ಚುತ್ತದೆ, ಹೊಸ ಎಲೆ ಯಾರು ಮಾಡುತ್ತಾರೆ ಎಂದು ಸಿದ್ದಾಪುರದ ಗೆಳೆಯ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ಒಳಗೆ ಏನಿದೆ ಎಂದು ಡಬ್ಬಿಯ ಮೇಲೆ ಹೇಳಿ ಮಾರುವ ಸಿದ್ಧ ಕಟ್ಟುಗಳನ್ನು ಅದೇ ಕಂಪನಿ ತಯಾರಿಸುತ್ತದೆ. ಬೇಕಾದ ಎಲೆಯನ್ನು ಬಿಡಿಯಾಗಿ ಮಾರುವ ಅಂಗಡಿಗಳೂ ಇವೆ. ನಾನು ಅಲ್ಲಿ ದುಡ್ಡು ಕೊಡುತ್ತೇನೆ, ಸಂತೋಷದಿಂದ. ಅದರಿಂದ ಕಂಪನಿ ಬದುಕದಿದ್ದರೆ, ಅದು ಇಷ್ಟು ದಿನ ಮಾರಿದ್ದು ಆಟವನ್ನಲ್ಲ ಎಂದಾಯಿತು. ಗೆಳೆಯ ಒಪ್ಪಲಿಲ್ಲ. ಹೊಸ ಪೊಟ್ಟಣದ ವಾಸನೆ ಕ್ಯೂಬಿನಲ್ಲಿ ಬರುವುದಿಲ್ಲ ಎಂದ. ನಿಜ, ಬರುವುದಿಲ್ಲ. ನನಗೂ ಆ ವಾಸನೆ ಬೇಕೆನಿಸುತ್ತದೆ, ಈಗಲೂ. ಸಿಗರೇಟು ಬಿಟ್ಟವರು ಇಂಥದ್ದೇ ಏನೋ ಹೇಳುತ್ತಾರೆ.

ಹೋದ ತಿಂಗಳು ಕ್ಯೂಬಿನಲ್ಲಿ ಮೊದಲ ಸಲ ಆಡಿದೆವು. ಒಬ್ಬ ಬರಲಿಲ್ಲ, ಎಂಟನೆಯವನಾಗಿ ಅಕ್ಕನ ಮಗನನ್ನು ಕೂರಿಸಿದೆವು. ಎರಡನೇ ಸುತ್ತಿಗೆ ನೀಲಿ ಎಲೆ ಅವನ ಕೈಗೆ ಬಂದದ್ದು ನನಗೆ ಕಂಡಿತು, ಅದರ ಬೆಲೆ ಅವನಿಗೆ ಗೊತ್ತಿತ್ತು. ಅವನ ಕಟ್ಟು ಕಪ್ಪು ಮತ್ತು ಬಿಳಿ. ಸ್ವಲ್ಪ ಹೊತ್ತು ಹಿಡಿದು ನೋಡಿದ, ಒಂದು ಸಾದಾ ಬಿಳಿ ಎಲೆ ಇಟ್ಟುಕೊಂಡು ಉಳಿದದ್ದನ್ನು ಬಲಕ್ಕೆ ದಾಟಿಸಿದ. ಮೂರೂ ಸುತ್ತು ಸೋತ, ಆ ಮಾತು ಬೇರೆ.

ಮೇಲೆ ಬಂದ ದೊಡ್ಡಪ್ಪ ಗೋಡೆಯ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ನೋಡಿ, ಇಂಗ್ಲಿಷ್ ಹೆಸರುಗಳಲ್ಲಿ ಒಂದೂ ತಿಳಿಯದೆ, "ಇದರಲ್ಲಿ ಜಾಕಿ ಯಾವ್ದಾ?" ಎಂದು ಕೇಳಿದರು. ಮುಂದಿನ ಆಟ ಸಿದ್ದಾಪುರದಲ್ಲಿ. ಬರುವವರು ಬರಿಗೈಯಲ್ಲಿ ಬನ್ನಿ. ಕರೆಂಟು ಇರುತ್ತದೆಂಬ ಭರವಸೆ ಇಲ್ಲ, ಟಾರ್ಚ್ ಇದ್ದರೆ ತನ್ನಿ.